ಸಾಲ ತೀರಿಸಲು ಭೂಪ್ರದಕ್ಷಿಣೆ

ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ಕೇಳಿದರೆ ನಮ್ಮ ಕಾಲದಲ್ಲಿ ಉತ್ತರ ಎರಡೋ ಮೂರೋ ಇದ್ದವು. ಡಾಕ್ಟರು, ಎಂಜಿನಿಯರು, ತಪ್ಪಿದರೆ ಮೇಷ್ಟ್ರು. (ಬ್ಯಾಂಕಿನ ಗುಮಾಸ್ತನಾಗುತ್ತೇನೆ ಎಂದು ಯಾವ ಮಗುವೂ ಹೇಳಿದ್ದನ್ನು ನಾನು ಕೇಳಿಲ್ಲ. ಆದರೂ ಸಾಕಷ್ಟು ಜನ ಆದೆವು.) ಈಗ ಹೊಸದೊಂದು ಉತ್ತರ ಕೇಳಿಬರುತ್ತಿದೆ: “ಊರೂರು ಸುತ್ತುತ್ತೇನೆ, ನೋಡಿದ್ದನ್ನು ಜನರಿಗೆ ಹೇಳುತ್ತೇನೆ, ಅದರಿಂದಲೇ ದುಡ್ಡು ಮಾಡುತ್ತೇನೆ.” ಇದನ್ನು ಕೇಳಿ ಅಜ್ಜ ಅಜ್ಜಿಯರು ಮುಖ ಮುಖ ನೋಡಿಕೊಳ್ಳುತ್ತಾರೆ. ತಿರುಗಾಟ ಎಂದರೆ ಖರ್ಚಿನ ಬಾಬತ್ತು, ಅದು ಜಮಾ ಬಾಬತ್ತು ಆಗುವುದು ಹೇಗೆ ಎಂಬುದು ಅವರ ಅನುಮಾನ.

ಅನುಮಾನ ನ್ಯಾಯವಾದದ್ದೇ. ಆದರೆ ಮಕ್ಕಳೇ, ಇದು ಮೊಬೈಲು ಬಂದ ಮೇಲೆ ಹುಟ್ಟಿದ ಕಸುಬು ಎಂದು ನೀವೂ ತಿಳಿಯಬೇಡಿ. ನೂರೈವತ್ತು ವರ್ಷಕ್ಕೂ ಹಿಂದೆ ಅಮೆರಿಕದ ಒಬ್ಬ ಮನುಷ್ಯ ಇದನ್ನೇ ಮಾಡಿದ. ಒಮ್ಮೆ ಹೆಸರು ಮಾಡಲು ಮಾಡಿದ, ಇನ್ನೊಮ್ಮೆ ಮಾನ ಉಳಿಸಿಕೊಳ್ಳಲು ಮಾಡಿದ. ಎರಡನೆಯ ಸಲ ನಮ್ಮ ದೇಶಕ್ಕೂ ಬಂದುಹೋದ. ಅವನ ಜಮಾ ಖರ್ಚಿನ ಪುಸ್ತಕವನ್ನು ಈ ವಾರ ಬಿಚ್ಚಿ ನೋಡೋಣ.

ಅವನೇ ಮಾರ್ಕ್ ಟ್ವೇನ್. ಬೇಲಿಗೆ ಸುಣ್ಣ ಬಳಿಯುವ ಶಿಕ್ಷೆಯನ್ನು ಗೆಳೆಯರ ತಲೆಗೆ ಕಟ್ಟಿ, ಅವರಿಂದಲೇ ಅದಕ್ಕೆ ಕಾಣಿಕೆ ವಸೂಲು ಮಾಡಿದ ಟಾಮ್ ಸಾಯರ್ ಎಂಬ ಪೋರನನ್ನು ಸೃಷ್ಟಿಸಿದವನು. ನಿಜವಾದ ಹೆಸರು ಸ್ಯಾಮ್ಯುಯೆಲ್ ಕ್ಲೆಮೆನ್ಸ್, ಹುಟ್ಟಿದ್ದು 1835ರಲ್ಲಿ. ಹನ್ನೊಂದು ವರ್ಷದವನಿದ್ದಾಗ ತಂದೆ ತೀರಿಕೊಂಡರು. ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ, ಬೆಳೆದ ಮೇಲೆ ಮಿಸಿಸಿಪ್ಪಿ ನದಿಯಲ್ಲಿ ಹಬೆದೋಣಿ ನಡೆಸಿದ. ಆ ದೋಣಿಗಳಲ್ಲಿ ಹಗ್ಗ ಇಳಿಬಿಟ್ಟು ನೀರಿನ ಆಳ ನೋಡುವವನು “ಮಾರ್ಕ್ ಟ್ವೇನ್” ಎಂದು ಕೂಗಿದರೆ, ಹನ್ನೆರಡು ಅಡಿ ನೀರಿದೆ, ದೋಣಿಗೆ ಅಪಾಯವಿಲ್ಲ ಎಂದರ್ಥ. ಆ ಕೂಗನ್ನೇ ಲೇಖಕನ ಹೆಸರಾಗಿ ಇಟ್ಟುಕೊಂಡ. ಮುಂದೆ ಹಣದ ವ್ಯವಹಾರದಲ್ಲಿ ಮಾತ್ರ ಈತ ಆಳ ನೋಡದೆಯೇ ಇಳಿಯುತ್ತಿದ್ದ. ಆ ಕಥೆ ಆಮೇಲೆ.

1866ರಲ್ಲಿ ಒಂದು ಪತ್ರಿಕೆ ಅವನನ್ನು ಹವಾಯಿ ದ್ವೀಪಗಳಿಗೆ ಕಳಿಸಿತು. ಆಗ ಅದು ಬೇರೆಯೇ ರಾಜ್ಯ, ಅಲ್ಲಿಗೆ ರಾಜನೂ ಇದ್ದ. ಟ್ವೇನ್ ಅಲ್ಲಿಂದ ಪತ್ರಿಕೆಗೆ ಕಾಗದಗಳನ್ನು ಬರೆದ. ವಾಪಸು ಬಂದ ಮೇಲೆ ಸಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಸಭಾಂಗಣ ಹಿಡಿದು, ಟಿಕೆಟ್ ಇಟ್ಟು, ಅದೇ ದ್ವೀಪಗಳ ಕಥೆಯನ್ನು ಬಾಯಲ್ಲಿ ಹೇಳಿದ. ಜನ ನಗದೇ ಹೋದರೆ ಏನು ಗತಿ ಎಂಬ ಭಯಕ್ಕೆ ಗೆಳೆಯರನ್ನು ಸಭೆಯ ನಡುನಡುವೆ ಕೂರಿಸಿದ್ದನಂತೆ. ಅವರ ಅಗತ್ಯವೇ ಬೀಳಲಿಲ್ಲ. ಲೆಕ್ಕದ ಕಣ್ಣಿನಿಂದ ನೋಡಿ, ಪ್ರವಾಸ ಒಂದೇ, ಜಮಾ ಎರಡು. ಹರಿಕಥೆ ದಾಸರು ಒಂದೇ ಕಥೆಯನ್ನು ಹತ್ತು ಊರಲ್ಲಿ ಹೇಳಿ ಹತ್ತು ಸಂಭಾವನೆ ಪಡೆಯುವುದಿಲ್ಲವೇ, ಹಾಗೆ.

ಮರುವರ್ಷ ದೊಡ್ಡ ಅವಕಾಶ ಬಂತು. ‘ಕ್ವೇಕರ್ ಸಿಟಿ’ ಎಂಬ ಹಬೆಹಡಗು ನ್ಯೂಯಾರ್ಕಿನಿಂದ ಯುರೋಪ್, ಜೆರುಸಲೇಂ, ಈಜಿಪ್ಟ್ ಕಡೆಗೆ ಪ್ರವಾಸಿಗಳನ್ನು ಹೊತ್ತು ಹೊರಟಿತು. ಟಿಕೆಟ್ 1,250 ಡಾಲರ್. ಅಷ್ಟು ಹಣ ಟ್ವೇನ್ ಹತ್ತಿರ ಎಲ್ಲಿತ್ತು? ‘ಆಲ್ಟಾ ಕ್ಯಾಲಿಫೋರ್ನಿಯಾ’ ಎಂಬ ಪತ್ರಿಕೆ ಕಟ್ಟಿತು. ಅದರ ಜೊತೆಗೆ 50 ಕಾಗದ ಬರೆದರೆ ಕಾಗದಕ್ಕೆ 20 ಡಾಲರ್ ಎಂಬ ಒಪ್ಪಂದ. ಐವತ್ತು ಇಪ್ಪತ್ತಲ ಎಷ್ಟಾಯಿತು, ನೀವೇ ಹೇಳಿ. 1867ರ ಜೂನ್ 8ರಂದು ಹೊರಟ ಹಡಗು ನವೆಂಬರ್ 19ಕ್ಕೆ ವಾಪಸಾಯಿತು. ಐದು ತಿಂಗಳು ಮೀರಿದ ಪ್ರವಾಸಕ್ಕೆ ಟ್ವೇನ್ ಕೈಯಿಂದ ಟಿಕೆಟ್ಟಿಗೆ ಕಾಸು ಬಿಚ್ಚಲಿಲ್ಲ, ಮೇಲೆ ಸಾವಿರ ಡಾಲರ್ ಸಂಪಾದನೆ. ದೊಡ್ಡ ದೊಡ್ಡ ಚಿತ್ರಗಳ ಮುಂದೆ, ಪವಿತ್ರ ಸ್ಥಳಗಳ ಮುಂದೆ ನಿಂತು ಎಲ್ಲರೂ “ಆಹಾ” ಎನ್ನುವಾಗ ಈತ ತನಗೆ ಕಂಡಷ್ಟನ್ನೇ ಬರೆದ. ಗೈಡುಗಳ ಕಾಟವನ್ನು ಬರೆದ, ತನ್ನ ಜೊತೆಯ ಪ್ರಯಾಣಿಕರ ಪೆದ್ದುತನವನ್ನೂ ಬರೆದ. ಓದುವವರಿಗೆ ಬೇಕಾಗಿದ್ದುದು ಅದೇ.

ಈಗ ಬಂತು ತೊಡಕು. ಈ ಕಾಗದಗಳನ್ನು ಸೇರಿಸಿ ಪುಸ್ತಕ ಮಾಡೋಣ ಎಂದು ಒಬ್ಬ ಪ್ರಕಾಶಕ ಕೇಳಿದ. ಆಲ್ಟಾ ಪತ್ರಿಕೆಯವರು, ಕಾಗದಗಳು ನಮ್ಮವು, ಪುಸ್ತಕ ನಾವೇ ತರುತ್ತೇವೆ ಎಂದರು. ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಹಡಗಿನ ದುಡ್ಡು ಕೊಟ್ಟವರು ಅವರು. ಟ್ವೇನ್ 1868ರಲ್ಲಿ ನ್ಯೂಯಾರ್ಕಿನಿಂದ ಪನಾಮಾ ಮಾರ್ಗವಾಗಿ ಸಾನ್‌ಫ್ರಾನ್ಸಿಸ್ಕೊವರೆಗೆ ಹೋಗಿ ಎದುರು ಕೂತು ಮಾತಾಡಿ ಹಕ್ಕು ಬಿಡಿಸಿಕೊಂಡು ಬಂದ. ಈ ಕಾಲದಲ್ಲಿ ಹೋಟೆಲಿನವರು ಕೋಣೆ ಪುಕ್ಕಟೆ ಕೊಡುತ್ತಾರೆ, ನೀವು ಅದರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿದರೆ ಸಾಕು ಎಂಬ ವ್ಯವಹಾರ ನಡೆಯುತ್ತದಲ್ಲ, ಅಲ್ಲಿಯೂ ನಾನು ಕೇಳುವುದು ಇದನ್ನೇ: ಟಿಕೆಟ್ ತೆಗೆದವರು ಯಾರು, ಮಾತಿನ ಒಡೆತನ ಯಾರದು? ಸೋಪು ಪುಕ್ಕಟೆ ಸಿಕ್ಕಿದಾಗ ಅದರ ನೊರೆ ಕಡಿಮೆ ಎಂದು ಹೇಳಲು ನಾಲಿಗೆ ಏಳುವುದಿಲ್ಲ.

ಪ್ರಕಾಶಕರು ಟ್ವೇನನ ಮುಂದೆ ಎರಡು ದಾರಿ ಇಟ್ಟರೆಂದು ಅವನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಒಂದೇ ಗಂಟಿನಲ್ಲಿ 10,000 ಡಾಲರ್, ಇಲ್ಲವೇ ಮಾರಾಟವಾದ ಪ್ರತಿ ಪುಸ್ತಕದ ಮೇಲೆ ನೂರಕ್ಕೆ ಐದರಂತೆ ಗೌರವಧನ. ಬಡತನದಲ್ಲಿದ್ದವನಿಗೆ ಗಂಟು ಎಷ್ಟು ಆಸೆ ಹುಟ್ಟಿಸಿರಬೇಕು! ಅವನು ಐದು ಪರ್ಸೆಂಟನ್ನು ಆರಿಸಿಕೊಂಡ. ‘ದಿ ಇನ್ನೊಸೆಂಟ್ಸ್ ಅಬ್ರಾಡ್’ 1869ರಲ್ಲಿ ಹೊರಬಂತು. ಆರುನೂರು ಪುಟ ದಾಟಿದ, ತುಂಬ ಚಿತ್ರಗಳಿದ್ದ ದಪ್ಪ ಪುಸ್ತಕ. ಸಾಧಾರಣ ರಟ್ಟಿನದಕ್ಕೆ ಬೆಲೆ ಮೂರೂವರೆ ಡಾಲರ್. ಮೊದಲ ವರ್ಷ ಸುಮಾರು 70,000 ಪ್ರತಿ ಖರ್ಚಾದವು. ಪೆನ್ಸಿಲು ತೆಗೆದುಕೊಳ್ಳಿ: ಪುಸ್ತಕಕ್ಕೆ ಹದಿನೇಳೂವರೆ ಸೆಂಟಿನಂತೆ 12,250 ಡಾಲರ್. ಇದು ಕಡಿಮೆ ಬೆಲೆಯ ರಟ್ಟಿನ ಲೆಕ್ಕ, ಅದೂ ಮೊದಲ ವರ್ಷದ್ದು. ಅಜ್ಜಂದಿರಿಗೆ ಬಡ್ಡಿಯ ಮಹಿಮೆ ಗೊತ್ತು, ಹೆಚ್ಚು ಹೇಳಬೇಕಾಗಿಲ್ಲ.

ಅಷ್ಟು ಪುಸ್ತಕ ಮಾರಿದ್ದು ಅಂಗಡಿಗಳಲ್ಲಲ್ಲ. ಏಜೆಂಟರು ಹಳ್ಳಿಹಳ್ಳಿಗೆ, ಮನೆಮನೆಗೆ ಹೋಗುತ್ತಿದ್ದರು. ಕೈಯಲ್ಲಿ ಮಾದರಿ ಪುಸ್ತಕ. ಅದರಲ್ಲಿ ಕೆಲವೇ ಪುಟ, ಕೆಲವು ಚಿತ್ರ, ಬೇರೆ ಬೇರೆ ರಟ್ಟಿನ ತುಣುಕು, ಕೊನೆಯಲ್ಲಿ ಬೇಕೆಂದವರ ಹೆಸರು ಬರೆದುಕೊಳ್ಳಲು ಗೆರೆ ಹೊಡೆದ ಖಾಲಿ ಹಾಳೆ. ನಮ್ಮ ಕಡೆ ಪಿಗ್ಮಿ ಸಂಗ್ರಹಿಸುವವರು ಅಂಗಡಿ ಅಂಗಡಿಗೆ ಬರುತ್ತಿದ್ದರಲ್ಲ, ಆ ಪಾದಗಳೇ ಅಲ್ಲಿ ಟ್ವೇನನ ಪುಸ್ತಕವನ್ನೂ ಹೊತ್ತವು ಎನ್ನಿ. ಪ್ರವಾಸ ಮಾಡಿದವನು ಒಬ್ಬ. ಅದು ಹಣವಾಗಲು ನಡೆದ ಕಾಲುಗಳು ಸಾವಿರಾರು.

ಆ ಹಡಗಿನಲ್ಲಿ ಜೊತೆಗಿದ್ದ ಒಬ್ಬ ತರುಣ ತನ್ನ ಅಕ್ಕನ ಪುಟ್ಟ ಭಾವಚಿತ್ರವನ್ನು ಟ್ವೇನನಿಗೆ ತೋರಿಸಿದ್ದ. ಆ ಅಕ್ಕನೇ ಒಲಿವಿಯಾ, ಮನೆಯಲ್ಲಿ ಕರೆಯುವ ಹೆಸರು ಲಿವಿ. 1870ರಲ್ಲಿ ಇಬ್ಬರಿಗೂ ಮದುವೆಯಾಯಿತು. ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಚೆಂದದ ಮನೆ ಕಟ್ಟಿಸಿದರು. ಸೂಸಿ, ಕ್ಲಾರಾ, ಜೀನ್ ಎಂಬ ಮೂರು ಹೆಣ್ಣುಮಕ್ಕಳು ಅಲ್ಲಿ ಆಡಿ ಬೆಳೆದರು.

ಇಷ್ಟೇ ಆಗಿದ್ದರೆ ನಾನು ಈ ಕಥೆ ಎತ್ತಿಕೊಳ್ಳುತ್ತಲೇ ಇರಲಿಲ್ಲ.

ಹುಡುಗನಾಗಿದ್ದಾಗ ಒಂದೊಂದೇ ಮೊಳೆ ಹೆಕ್ಕಿ ಜೋಡಿಸಿದವನಿಗೆ, ಅದನ್ನು ತಾನಾಗಿಯೇ ಜೋಡಿಸುವ ಯಂತ್ರವೊಂದು ಕಣ್ಣಿಗೆ ಬಿದ್ದರೆ ಹೇಗಿರಬೇಡ? ಪೇಜ್ ಎಂಬಾತ ಅಂಥ ಯಂತ್ರ ಮಾಡುತ್ತಿದ್ದ. ಅದರಲ್ಲಿ 18,000 ಬಿಡಿಭಾಗ. ನಡೆದರೆ ಅದ್ಭುತ, ಆದರೆ ನಡೆಯುವುದಕ್ಕಿಂತ ಕೆಡುವುದೇ ಹೆಚ್ಚು. ಟ್ವೇನ್ ವರ್ಷಗಟ್ಟಲೆ ಅದಕ್ಕೆ ಹಣ ಸುರಿದ. ಅಷ್ಟರಲ್ಲಿ ಲೈನೋಟೈಪ್ ಎಂಬ ಬೇರೆ ಯಂತ್ರ ಬಂದು ಪತ್ರಿಕಾ ಕಚೇರಿಗಳನ್ನು ಹಿಡಿದುಕೊಂಡಿತು. ಇನ್ನೊಂದು ಕಡೆ ಅವನದೇ ಪ್ರಕಾಶನ ಕಂಪನಿ. ಅಧ್ಯಕ್ಷ ಗ್ರಾಂಟ್ ಅವರ ಆತ್ಮಕಥೆ ಪ್ರಕಟಿಸಿ, ಅವರ ಪತ್ನಿಗೆ ನಾಲ್ಕು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟಿದ್ದ ಕಂಪನಿ ಅದು. 1894ರ ಏಪ್ರಿಲಿನಲ್ಲಿ ದಿವಾಳಿಯಾಯಿತು. ಸಾಲ ಸುಮಾರು ಒಂದು ಲಕ್ಷ ಡಾಲರ್. ‘ಕ್ವೇಕರ್ ಸಿಟಿ’ಯ ಟಿಕೆಟ್ ದರದಲ್ಲಿ ಎಂಬತ್ತು ಜನ ಪ್ರವಾಸ ಹೋಗಿಬರುವಷ್ಟು ಹಣ.

ದಿವಾಳಿ ಎಂದರೇನು ಎಂದು ಮಕ್ಕಳಿಗೆ ಹೇಳಬೇಕು. ಕೊಡಲು ಇನ್ನು ನನ್ನ ಹತ್ತಿರ ಏನೂ ಇಲ್ಲ ಎಂದು ಕಾನೂನಿನ ಮುಂದೆ ಒಪ್ಪಿಕೊಳ್ಳುವುದು. ಆಗ ಇದ್ದಷ್ಟನ್ನು ಸಾಲ ಕೊಟ್ಟವರಿಗೆ ಹಂಚಿ, ಉಳಿದದ್ದನ್ನು ಬಿಟ್ಟುಬಿಡುವ ವ್ಯವಸ್ಥೆ ಇರುತ್ತದೆ. ನಮ್ಮ ಬ್ಯಾಂಕುಗಳಲ್ಲಿ ‘ಒನ್ ಟೈಮ್ ಸೆಟ್ಲ್‌ಮೆಂಟ್’ ಎನ್ನುತ್ತಾರಲ್ಲ, ನೂರಕ್ಕೆ ಐವತ್ತೋ ಅರವತ್ತೋ ಕಟ್ಟಿ ಖಾತೆ ಮುಚ್ಚುವುದು, ಅದರ ಚಿಕ್ಕಪ್ಪ. ಅದರಲ್ಲಿ ತಪ್ಪೇನಿಲ್ಲ. ಮಳೆ ಕೈಕೊಟ್ಟ ರೈತ, ಬೆಂಕಿಗೆ ಅಂಗಡಿ ಕಳೆದುಕೊಂಡ ವ್ಯಾಪಾರಿ ಇವರಿಗೆ ಆ ಬಾಗಿಲು ಬೇಕೇ ಬೇಕು. ಟ್ವೇನನಿಗೂ ಅದು ತೆರೆದಿತ್ತು. ಹೆನ್ರಿ ರೋಜರ್ಸ್ ಎಂಬ ಶ್ರೀಮಂತ ಗೆಳೆಯ ವ್ಯವಹಾರವನ್ನೆಲ್ಲ ತಾನೇ ಹೊತ್ತು, ಪುಸ್ತಕಗಳ ಹಕ್ಕು ಸಾಲಗಾರರ ಪಾಲಾಗದಂತೆ ಲಿವಿಯ ಹೆಸರಿಗೆ ಮಾಡಿಸಿದ. ಆಕೆಯೂ ಕಂಪನಿಗೆ ಹಣ ಕೊಟ್ಟಿದ್ದವಳೇ, ಹಾಗಾಗಿ ಅದು ನ್ಯಾಯವೇ ಆಗಿತ್ತು. ಆದರೆ ಲಿವಿ ಹಟ ಹಿಡಿದಳು: ಡಾಲರಿಗೆ ನೂರು ಸೆಂಟಿನಂತೆ ಪೂರ್ತಿ ಕೊಡಬೇಕು, ಒಂದು ಸೆಂಟೂ ಉಳಿಯಬಾರದು. ಗಂಡನೂ ಒಪ್ಪಿದ.

ಒಪ್ಪಿದ್ದೇನೋ ಸರಿ, ಹಣ ಎಲ್ಲಿಂದ? ಅರವತ್ತು ಹತ್ತಿರವಾಗಿದ್ದ ಲೇಖಕನಿಗೆ ಗೊತ್ತಿದ್ದ ದಾರಿ ಒಂದೇ. ಊರೂರು ಸುತ್ತುವುದು, ಟಿಕೆಟ್ ಇಟ್ಟು ಕಥೆ ಹೇಳುವುದು, ವಾಪಸು ಬಂದು ಪುಸ್ತಕ ಬರೆಯುವುದು. ಮೂವತ್ತರ ಹರೆಯದಲ್ಲಿ ಖುಷಿಗೆ ಮಾಡಿದ್ದನ್ನು ಈಗ ಭೂಮಿಯ ಸುತ್ತ ಮಾಡಬೇಕು. ಹೊರಡುವ ಮೊದಲು ಮೈಮೇಲೆ ದೊಡ್ಡ ಕುರು ಎದ್ದು ವಾರಗಟ್ಟಲೆ ಮಲಗಿದ್ದ. 1895ರ ಜುಲೈನಲ್ಲಿ ಎದ್ದು ಹೊರಟೇಬಿಟ್ಟ. ಜೊತೆಗೆ ಲಿವಿ ಮತ್ತು ನಡುವಿನ ಮಗಳು ಕ್ಲಾರಾ. ಹಿರಿಯ ಮಗಳು ಸೂಸಿ, ಕಿರಿಯವಳು ಜೀನ್ ದೊಡ್ಡಮ್ಮನ ಮನೆಯಲ್ಲಿ ಉಳಿದರು.

ಅಮೆರಿಕದ ಉತ್ತರ ಭಾಗ ದಾಟಿ, ಆಗಸ್ಟಿನಲ್ಲಿ ಹಡಗು ಹತ್ತಿದರು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಅವನಿಗೆ ಮೊದಲ ಸಂಪಾದನೆ ಕೊಟ್ಟಿದ್ದ ಹವಾಯಿಯಲ್ಲಿ ಇಳಿದು ಭಾಷಣ ಮಾಡುವುದೆಂದು ಏರ್ಪಾಡಾಗಿತ್ತು. ಹಡಗು ಹೊನೊಲುಲು ಹತ್ತಿರ ಬಂದಾಗ ತಿಳಿಯಿತು, ಊರಿನಲ್ಲಿ ಕಾಲರಾ. ಯಾರೂ ಇಳಿಯುವಂತಿಲ್ಲ. ಹಡಗಿನ ಅಂಚಿನಿಂದಲೇ ಹಸಿರು ಬೆಟ್ಟ ನೋಡಿ ಮುಂದೆ ಹೋದ. ಆ ಊರಿನ ಜಮಾ ಸೊನ್ನೆ. ಆಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಲೋನ್. ಕುರು ಆಗಾಗ ಮತ್ತೆ ಏಳುತ್ತಿತ್ತು, ಸಾಯಂಕಾಲವಾದರೆ ವೇದಿಕೆಯ ಮೇಲೆ ನಗಿಸಲೇಬೇಕಿತ್ತು.

ಏನು ಹೇಳುತ್ತಿದ್ದ ಎನ್ನುತ್ತೀರಾ? ಒಂದು ಕಥೆ ಕೇಳಿ. ಚಿಕ್ಕವನಿದ್ದಾಗ ಒಂದು ಕಲ್ಲಂಗಡಿ ಕದ್ದನಂತೆ. ಒಡೆದು ನೋಡಿದರೆ ಕಾಯಿ. ತಕ್ಷಣ ಪಶ್ಚಾತ್ತಾಪ ಉಕ್ಕಿ ಬಂತು. ನೇರ ರೈತನ ಹತ್ತಿರ ಹೋಗಿ ಹಣ್ಣು ವಾಪಸು ಕೊಟ್ಟು, ಜನರಿಗೆ ಕಾಯಿ ಕಲ್ಲಂಗಡಿ ಮಾರಲು ನಿನಗೆ ನಾಚಿಕೆಯಾಗುವುದಿಲ್ಲವೇ ಎಂದು ಗದರಿ, ಬದಲಿಗೆ ಒಳ್ಳೆಯ ಹಣ್ಣು ಈಸಿಕೊಂಡು ಬಂದನಂತೆ! ಇಂಥದ್ದನ್ನು ನಿಧಾನವಾಗಿ, ಮುಖದಲ್ಲಿ ನಗುವಿನ ಸುಳಿವೇ ಇಲ್ಲದೆ ಹೇಳುತ್ತಿದ್ದ. ನೂರಕ್ಕೂ ಹೆಚ್ಚು ಸಭೆಗಳಲ್ಲಿ ಮಾತಾಡಿದ. ದೂರದೂರದ ಜನ ಟಿಕೆಟ್ ಕೊಂಡು ಕೇಳಿದ್ದು ಅವನ ಹುಟ್ಟೂರಿನ ನದಿದಂಡೆಯ ತುಂಟತನವನ್ನು. ಹೊಸ ಊರು ನೋಡಿದರೇನೇ ಹೇಳಲು ಸರಕು ಸಿಗುತ್ತದೆ ಎನ್ನುವ ಹುಡುಗರು ಇದನ್ನು ಸ್ವಲ್ಪ ಯೋಚಿಸಬೇಕು.

1896ರ ಜನವರಿಯಲ್ಲಿ ಮುಂಬಯಿಗೆ ಬಂದಿಳಿದ. ಎರಡು ತಿಂಗಳಿಗೂ ಹೆಚ್ಚು ನಮ್ಮ ದೇಶದಲ್ಲಿದ್ದ. ಬರೋಡಾದಲ್ಲಿ ಆನೆ ಹತ್ತಿದ. ಕಾಶಿಯಲ್ಲಿ ಸ್ವಾಮಿ ಭಾಸ್ಕರಾನಂದ ಸರಸ್ವತಿಯವರನ್ನು ಕಂಡ. ಅವರು ತಮ್ಮ ಪುಸ್ತಕ ಕೊಟ್ಟರೆ ಈತ ತನ್ನ ‘ಹಕಲ್‌ಬೆರಿ ಫಿನ್’ ಕೊಟ್ಟ. ಜೈಪುರದಲ್ಲಿ ಕಾಯಿಲೆ ಬಿದ್ದು ಮಲಗಿದ. ಆದರೆ ನನಗೆ ಬಹಳ ಇಷ್ಟವಾಗುವುದು ಅವನು ಕಾಗೆಯ ಬಗ್ಗೆ ಬರೆದದ್ದು. ದೇಶವೆಲ್ಲ ತಾಜ್‌ಮಹಲು ನೋಡಲು ಓಡುತ್ತಿದ್ದರೆ, ಈತ ಹೋಟೆಲಿನ ಕೋಣೆಯ ಹೊರಗೆ ಕಂಬಿಯ ಮೇಲೆ ಕೂತ ಕಾಗೆಗಳನ್ನು ನೋಡುತ್ತ ಕೂತ. ಅವು ತನ್ನ ಬಟ್ಟೆ, ಕೂದಲು, ಮುಖದ ಬಣ್ಣ ಎಲ್ಲದರ ಬಗ್ಗೆ ತಮ್ಮತಮ್ಮಲ್ಲೇ ಚರ್ಚೆ ನಡೆಸುತ್ತಿವೆ ಎಂದು ಅವನಿಗೆ ಅನ್ನಿಸಿತು. ನಾವು ದಿನವೂ ಓಡಿಸುವ ಕಾಗೆಯಿಂದ ಒಂದು ಸೊಗಸಾದ ಅಧ್ಯಾಯಕ್ಕೆ ಸಾಮಗ್ರಿ ತೆಗೆದ, ನೋಡಿ.

ಇನ್ನೊಂದು ಡಾರ್ಜಿಲಿಂಗ್. ಎರಡೇ ಅಡಿ ಅಗಲದ ಹಳಿಯ ಪುಟಾಣಿ ರೈಲಿನಲ್ಲಿ ಮೇಲೆ ಹೋದವನು, ಇಳಿಯುವಾಗ ರೈಲು ಬಿಟ್ಟು ಸಣ್ಣ ಕೈಗಾಡಿ ಹತ್ತಿದ. ಎಂಜಿನ್ ಇಲ್ಲ, ಬ್ರೇಕು ಮಾತ್ರ. ಹಿಮಾಲಯದ ಇಳಿಜಾರಿನಲ್ಲಿ ತಿರುವು ಮುರುವು ಹಳಿಯ ಮೇಲೆ 35 ಮೈಲಿ ಜಾರುತ್ತ ಬಂದ. ಇಡೀ ಭೂಪ್ರದಕ್ಷಿಣೆಯಲ್ಲಿ ಅಷ್ಟು ಖುಷಿಪಟ್ಟ ದಿನ ಇನ್ನೊಂದಿಲ್ಲ ಎಂದೇ ಅವನ ಬರಹ ಓದಿದರೆ ಅನ್ನಿಸುತ್ತದೆ. ಅರವತ್ತರ ಮುದುಕ, ತಲೆಯ ಮೇಲೆ ಲಕ್ಷ ಡಾಲರ್ ಸಾಲ, ಮಕ್ಕಳ ಹಾಗೆ ಜಾರುಬಂಡಿ!

ಮಾರ್ಚ್ ಕೊನೆಗೆ ಮದ್ರಾಸಿನ ದಾರಿಯಾಗಿ ಹೊರಟು, ಮಾರಿಷಸ್, ದಕ್ಷಿಣ ಆಫ್ರಿಕಾ ಮುಗಿಸಿ, ಜುಲೈ ಕೊನೆಯ ಹೊತ್ತಿಗೆ ಇಂಗ್ಲೆಂಡ್ ತಲುಪಿದರು. ಒಂದು ವರ್ಷವಾಗಿತ್ತು. ಸೂಸಿ, ಜೀನ್ ಇಬ್ಬರೂ ಅಮೆರಿಕದಿಂದ ಬಂದು ಸೇರಿಕೊಳ್ಳಬೇಕಿತ್ತು. ಬಂದದ್ದು ಸೂಸಿಗೆ ಹುಷಾರಿಲ್ಲ ಎಂಬ ಸುದ್ದಿ. ಲಿವಿ, ಕ್ಲಾರಾ ಹಡಗು ಹತ್ತಿ ಹೊರಟರು. ಅವರಿನ್ನೂ ನಡುಗಡಲಿನಲ್ಲಿರುವಾಗಲೇ, ಆಗಸ್ಟ್ 18ರಂದು, ಹಾರ್ಟ್‌ಫರ್ಡಿನ ಆ ಮನೆಯಲ್ಲಿ ಸೂಸಿ ಮಿದುಳಿನ ಜ್ವರದಿಂದ ತೀರಿಕೊಂಡಳು. ಇಪ್ಪತ್ತನಾಲ್ಕು ವರ್ಷ. ಇಂಗ್ಲೆಂಡಿನಲ್ಲಿ ಒಬ್ಬನೇ ಇದ್ದ ತಂದೆಯ ಕೈಗೆ ತಂತಿ ಬಂತು.

ಮಕ್ಕಳಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ನಾನು ಯೋಚಿಸಿದೆ. ಹೇಳದಿದ್ದರೆ ಖರ್ಚಿನ ಪುಟ ಹರಿದುಹಾಕಿ ಜಮಾ ಪುಟ ಮಾತ್ರ ತೋರಿಸಿದಂತಾಗುತ್ತದೆ.

ಆ ಚಳಿಗಾಲ ಕುಟುಂಬ ಲಂಡನ್ನಿನ ಒಂದು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕಳೆಯಿತು. ಹಬ್ಬವಿಲ್ಲ, ನೆಂಟರಿಲ್ಲ. ಟ್ವೇನ್ ದಿನವೂ ಮೇಜಿನ ಮುಂದೆ ಕೂತು ಆನೆ, ಕಾಗೆ, ಕೈಗಾಡಿ, ಆಸ್ಟ್ರೇಲಿಯಾದ ರೈಲು ಎಲ್ಲವನ್ನೂ ಬರೆದ. ಓದಿದವರು ನಗುವಂತೆ ಬರೆಯಬೇಕಿತ್ತು, ಬರೆದ. ಪ್ರವಾಸದಿಂದ ಹಣ ಎನ್ನುತ್ತೇವಲ್ಲ, ಆ ಹಣ ಹುಟ್ಟಿದ್ದು ಆನೆಯ ಮೇಲೆ ಕೂತಾಗಲ್ಲ, ಈ ಕೋಣೆಯಲ್ಲಿ.

ಅವನ ಕಷ್ಟ ಕಂಡು 1897ರಲ್ಲಿ ನ್ಯೂಯಾರ್ಕಿನ ‘ಹೆರಾಲ್ಡ್’ ಪತ್ರಿಕೆ ಸಹಾಯನಿಧಿ ತೆರೆಯಿತು. ಜನರ ಪ್ರೀತಿಯ ದುಡ್ಡು. ಟ್ವೇನ್ ಮೊದಲು ಬೇಡವೆನ್ನಲಿಲ್ಲ. ಲಿವಿ ಬೇಡವೆಂದಳು. ನಿಧಿ ಮುಚ್ಚಿ, ಕೊಟ್ಟವರಿಗೆ ವಾಪಸು ಮಾಡಿ ಎಂದು ಅವನು ಪತ್ರಿಕೆಗೆ ಬರೆದ. ಅಂಥ ಮನೆಯೊಡತಿಯ ಮುಂದೆ ನಮ್ಮ ಆಡಿಟರುಗಳೂ ಎದ್ದು ನಿಲ್ಲಬೇಕು!

ಆ ವರ್ಷದ ನವೆಂಬರಿನಲ್ಲಿ ‘ಫಾಲೋಯಿಂಗ್ ದಿ ಇಕ್ವೇಟರ್’ ಹೊರಬಂತು. ಟಿಕೆಟ್ಟಿನ ಹಣ, ಪುಸ್ತಕದ ಹಣ ಸೇರಿಸಿ ರೋಜರ್ಸ್ ಒಬ್ಬೊಬ್ಬರೇ ಸಾಲಗಾರರಿಗೆ ಕಳಿಸುತ್ತ ಬಂದ. 1898ರಲ್ಲಿ ಕೊನೆಯವನಿಗೂ ಸಂದಿತು. ಡಾಲರಿಗೆ ನೂರು ಸೆಂಟು.

ಆ ವರ್ಷದ ಕೊನೆಯಲ್ಲಿ ಲಿವಿ ಕಾಗದ ಪೆನ್ನು ಹಿಡಿದು ಕೂತು ಮನೆಯ ಶಿಲ್ಕು ತೆಗೆದಳು. ಬ್ಯಾಂಕಿನಲ್ಲಿ 1,07,000 ಡಾಲರ್ ನಗದು, ಪುಸ್ತಕಗಳಿಂದ ವರ್ಷವರ್ಷವೂ ಬರುವ ವರಮಾನ, ಹಾರ್ಟ್‌ಫರ್ಡಿನಲ್ಲಿ ಮನೆ ಮತ್ತು ಅದರ ಸಾಮಾನು. ಟ್ವೇನ್ ಆ ಲೆಕ್ಕವನ್ನು ಸಂತೋಷದಿಂದ ಗೆಳೆಯನೊಬ್ಬನಿಗೆ ಕಾಗದದಲ್ಲಿ ಬರೆದು ತಿಳಿಸಿದ. ಆದರೆ ಸೂಸಿ ತೀರಿಕೊಂಡ ಆ ಮನೆಗೆ ಗಂಡ ಹೆಂಡತಿ ಮತ್ತೆ ವಾಸಕ್ಕೆ ಹೋಗಲಿಲ್ಲ. 1903ರಲ್ಲಿ ಅದನ್ನು ಮಾರಿಬಿಟ್ಟರು.